ನಿವೃತ್ತಿಯಾದರೆ ಪರಿಹಾರದ ಹಕ್ಕು ಹೋಗುವುದೆ?

ಕಳೆದ ತಿಂಗಳು ನಮ್ಮ ಕಾರ್ಯಾಲಯಕ್ಕೆ ಕುಂದಾಪುರದ ಕಡೆಯ ಅಡಿಗೆ ಭಟ್ಟರೊಬ್ಬರು ಬಂದಿದ್ದರು. ತಂದ ಕಾಗದವನ್ನು ಎಡಗೈಯಿಂದ ಬಿಡಿಸಿ ಮೇಜಿನ ಮೇಲಿಟ್ಟರು. ಬಲಗೈಯಲ್ಲಿ ಹೆಬ್ಬೆರಳಿರಲಿಲ್ಲ. 2023ರ ಮೇ ತಿಂಗಳ ಒಂದು ಬೆಳಗಿನ ಜಾವ ಇಡ್ಲಿಯ ಹಿಟ್ಟು ರುಬ್ಬುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬೆರಳು ಪೂರ್ತಿಯಾಗಿ ಹೋಯಿತೆಂದರು. ಆಗ ಅವರಿಗೆ 57 ವರ್ಷ, ಸಂಬಳ ತಿಂಗಳಿಗೆ 14,000 ರೂಪಾಯಿ. ಮುಂಬಯಿಯಲ್ಲಿ ಏಳೇ ಜನ ಕೆಲಸದವರಿದ್ದ ಸಣ್ಣ ಹೋಟೆಲು. ಧಣಿಗಳು ಆಸ್ಪತ್ರೆಯ ಖರ್ಚನ್ನು ಕೊಟ್ಟು, ಗಾಯ ಮಾಯ್ದ ಮೇಲೆ ಗಲ್ಲೆಯ ಬಳಿ ಕೂಪನ್ ಇಸಕೊಳ್ಳುವ ಕೆಲಸಕ್ಕೆ ಕೂರಿಸಿದರು. ಭಟ್ಟರು ಸ್ನೇಹಿತರ ಸಲಹೆಯಂತೆ ಅದೇ ವರ್ಷ ಪರಿಹಾರದ ಕಮಿಷನರರಲ್ಲಿ ಅರ್ಜಿ ಕೊಟ್ಟರು. ಅರ್ಜಿಯ ವಿಚಾರಣೆ ಇನ್ನೂ ಮುಗಿದಿಲ್ಲ. ಈಗ ಅವರಿಗೆ ಅರವತ್ತು ತುಂಬುತ್ತದೆ, ನಿವೃತ್ತರಾಗಿ ಊರಿಗೆ ಹೊರಟಿದ್ದಾರೆ.

ಅವರು ತಂದ ಕಾಗದದಲ್ಲಿ, ಒಂದು ಲಕ್ಷ ರೂಪಾಯಿ ಪಡೆದುಕೊಂಡು ಸೇವೆಯ ಬಾಬ್ತು ಮತ್ತು ಕೈಯ ಗಾಯದ ಬಾಬ್ತು ಸಕಲ ಹಕ್ಕೂ ಚುಕ್ತಾ ಆಯಿತೆಂದು ಬರೆದಿತ್ತು. “ಸ್ವಾಮೀ, ಕೆಲಸವನ್ನೇ ಬಿಟ್ಟ ಮೇಲೆ ದಾವೆ ನಿಲ್ಲುವುದಿಲ್ಲವಂತೆ. ಹೌದೆ?” ಎಂದು ಕೇಳಿದರು.

ಇದು ಅವರೊಬ್ಬರ ಪ್ರಶ್ನೆಯಲ್ಲ. ಗಲ್ಲೆಯ ಹಿಂದೆ ಬಹುಕಾಲ ಕುಳಿತಿದ್ದ ನಮಗೆ ಈ ಮಾತು ಹುಟ್ಟುವ ಜಾಗ ಚೆನ್ನಾಗಿ ಗೊತ್ತು. ಹಿಂದೊಮ್ಮೆ, ಕಾದ ಎಣ್ಣೆಯಿಂದ ತೋಳು ಸುಟ್ಟುಕೊಂಡ ನಮ್ಮದೇ ಅಡಿಗೆಯವರೊಬ್ಬರು ಊರಿಗೆ ಹೊರಟ ದಿನ ನಾವೂ ಇಂಥದೇ ಒಂದು ಚೀಟಿಗೆ ರುಜು ಹಾಕಿಸಿಕೊಂಡೆವು. ಕೈತುಂಬ ಕೊಟ್ಟು ಕಳಿಸುತ್ತಿದ್ದೇವೆಂಬ ಸಮಾಧಾನವೇ ಅಂದು ನಮ್ಮಲ್ಲಿತ್ತು. ಕಾಯಿದೆಯನ್ನು ಓದಿದ್ದು ಪತ್ರಿಕೆಗೆ ಬಂದ ಮೇಲೆ.

ಕಾಯಿದೆಯ ವಿಷಯದಲ್ಲಿ ಮೊದಲು ಒಂದು ಮಾತು. 1923ರ ಕಾರ್ಮಿಕ ಪರಿಹಾರ ಕಾಯಿದೆಯು 2010ರಿಂದ ನೌಕರರ ಪರಿಹಾರ ಕಾಯಿದೆಯೆಂಬ ಹೆಸರು ಪಡೆಯಿತು. 2025ರ ನವೆಂಬರ್ 21ರಿಂದ ಅದರ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆಯು ಜಾರಿಗೆ ಬಂದಿದೆ. ಪರಿಹಾರದ ವಿಷಯ ಅದರ ಏಳನೆಯ ಅಧ್ಯಾಯದಲ್ಲಿದೆ. ಆದರೆ ಆ ದಿನಕ್ಕೆ ಮೊದಲು ಆದ ಅಪಘಾತಗಳ ಹಕ್ಕುಬಾಧ್ಯತೆಗಳು ಹಳೆಯ ಕಾಯಿದೆಯಂತೆಯೇ ತೀರ್ಮಾನವಾಗತಕ್ಕವು. ಈಗ ನಡೆಯುತ್ತಿರುವ ಬಹುಪಾಲು ದಾವೆಗಳು ಅಂಥವೇ ಆದ್ದರಿಂದ ಇಲ್ಲಿ ಹಳೆಯ ಕಾಯಿದೆಯನ್ನೇ ಹಿಡಿದು ಬರೆಯುತ್ತೇವೆ.

ಧಣಿಗಳ ಕಡೆಯ ವಾದ ಸಾಮಾನ್ಯವಾಗಿ ಹೀಗಿರುತ್ತದೆ: ಪರಿಹಾರವೆಂಬುದು ದುಡಿಮೆ ಕುಂದಿದ್ದಕ್ಕೆ, ನಿವೃತ್ತನಿಗೆ ದುಡಿಮೆಯೇ ಇಲ್ಲವಾದ್ದರಿಂದ ಕುಂದುವುದೇನು? ಕೇಳಲು ಸರಿಯಾಗಿ ತೋರಿದರೂ ಈ ವಾದ ನಿಲ್ಲತಕ್ಕದ್ದಲ್ಲ. ಪರಿಹಾರವು ಸಲ್ಲಬೇಕಾದದ್ದು ಅಪಘಾತವಾದ ದಿನವೇ ಹೊರತು ಕಮಿಷನರರು ತೀರ್ಪು ಕೊಟ್ಟ ದಿನವಲ್ಲವೆಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಾಧೀಶರ ಪೀಠವು ಬಹಳ ಹಿಂದೆಯೇ, 1976ರಲ್ಲಿ ವರದಿಯಾದ ತೀರ್ಪಿನಲ್ಲಿ, ಸ್ಪಷ್ಟಪಡಿಸಿದೆ. ಆ ಮೊಕದ್ದಮೆಯಲ್ಲಿ ಪರಿಹಾರ ಕೇಳಿದವನು ಸಿನೆಮಾ ಮಂದಿರವೊಂದರ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿ. ಬಿದ್ದು ಎಡಗೈ ಕಳೆದುಕೊಂಡಿದ್ದನು. ಒಂದೇ ಕೈಯಿಂದ ಬಡಗಿಯ ಕೆಲಸ ಸಾಗದೆಂದು ಅವನ ಗಳಿಕೆಯ ಶಕ್ತಿ ಪೂರ್ತಿಯಾಗಿ ಹೋದಂತೆಯೇ ಎಣಿಸಲಾಯಿತು. ಹಕ್ಕು ಹುಟ್ಟಿದ ದಿನ ಭಟ್ಟರು ನೌಕರಿಯಲ್ಲಿದ್ದರು. ಆಮೇಲೆ ಅವರು ನಿವೃತ್ತರಾದರೂ ಆ ದಿನವೇನೂ ಬದಲಾಗುವುದಿಲ್ಲ.

ಇದರಿಂದ ಲೆಕ್ಕದಲ್ಲಿ ಆಗುವ ವ್ಯತ್ಯಾಸವನ್ನು ಭಟ್ಟರ ಎದುರಿಗೇ ಬರೆದು ತೋರಿಸಿದೆವು. ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 30ರಷ್ಟು ನಷ್ಟವೆಂದು ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿದೆ. ಸಂಬಳದ ನೂರಕ್ಕೆ 60 ಎಂದರೆ 8,400 ರೂಪಾಯಿ. ಇದನ್ನು ವಯಸ್ಸಿಗೆ ತಕ್ಕ ಅಂಕದಿಂದ ಗುಣಿಸಬೇಕು. 57 ವರ್ಷಕ್ಕೆ ಆ ಅಂಕ 128.33; ಗುಣಿಸಿದರೆ 10,77,972 ರೂಪಾಯಿ, ಅದರ ನೂರಕ್ಕೆ 30 ಎಂದರೆ 3,23,391 ರೂಪಾಯಿ 60 ಪೈಸೆ. ನಿವೃತ್ತಿಯ ವಯಸ್ಸಾದ 60ನ್ನು ಹಿಡಿದರೆ ಅಂಕ 117.41ಕ್ಕೆ ಇಳಿದು, ಬರುವ ಹಣ 2,95,873 ರೂಪಾಯಿ 20 ಪೈಸೆಯಾಗುತ್ತದೆ. ಯಾರಾದರೂ ಈಗಿನ ವಯಸ್ಸನ್ನು ಹಿಡಿದು ಲೆಕ್ಕ ಕಟ್ಟಿದರೆ 27,518 ರೂಪಾಯಿ ಕೈತಪ್ಪಿತೆಂದೇ ತಿಳಿಯಬೇಕು. (ಸಂಬಳ ಎಷ್ಟೇ ಹೆಚ್ಚಿದ್ದರೂ 2020ರ ಜನವರಿ 3ರಿಂದ ಈಚಿನ ಅಪಘಾತಗಳಿಗೆ 15,000 ರೂಪಾಯಿಯವರೆಗೆ ಮಾತ್ರ ಎಣಿಕೆ.) ಅಲ್ಲದೆ ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ನೂರಕ್ಕೆ 12ರಂತೆ ಸರಳ ಬಡ್ಡಿಯಿದೆ. ಭಟ್ಟರ ಮಟ್ಟಿಗೆ ಅದು ವರ್ಷಕ್ಕೆ ಸುಮಾರು 38,800 ರೂಪಾಯಿ. ಒಂದು ಲಕ್ಷದ ಚುಕ್ತಾ ಚೀಟಿಯನ್ನು ಭಟ್ಟರು ಆಗ ಮತ್ತೊಮ್ಮೆ ಕೈಗೆತ್ತಿಕೊಂಡು ನೋಡಿದರು.

“ಆಸ್ಪತ್ರೆಗೆ ಸುರಿದದ್ದು ಲೆಕ್ಕಕ್ಕಿಲ್ಲವೆ?” ಎಂದು ಧಣಿಗಳು ಕೇಳುವುದುಂಟು. ಚಿಕಿತ್ಸೆಗೆ ಕೊಟ್ಟ ಹಣ ಪರಿಹಾರದಲ್ಲಿ ವಜಾ ಆಗುವುದಿಲ್ಲ. ಅದನ್ನು ಧಣಿಗಳೇ ಭರಿಸಬೇಕೆಂದು 2009ರ ತಿದ್ದುಪಡಿ ಹೇಳಿದೆ.

ಇನ್ನು ಆ ಚೀಟಿಯ ಬಲವೆಷ್ಟು? ಗಾಯದ ಪರಿಹಾರವನ್ನು ಬಿಟ್ಟುಕೊಡುತ್ತೇನೆಂದು ನೌಕರನು ಬರೆದುಕೊಟ್ಟರೂ ಆ ಕರಾರು ಕಾಯಿದೆಯ 17ನೆಯ ಕಲಮಿನಂತೆ ಅಸಿಂಧು. ರಾಜಿ ಮಾಡಿಕೊಳ್ಳಬಾರದೆಂದಲ್ಲ, ಮಾಡಿಕೊಂಡ ರಾಜಿಯನ್ನು ಕಮಿಷನರರಲ್ಲಿ ನೋಂದಾಯಿಸಬೇಕು, ಮೊತ್ತ ತೀರ ಕಡಿಮೆಯೆಂದು ಕಂಡರೆ ಅವರು ನೋಂದಣಿಯನ್ನು ನಿರಾಕರಿಸಬಹುದು. ನೋಂದಣಿಗೆ ಕಳಿಸದೆ ಹೋದರೆ ಧಣಿಗಳು ಪೂರ್ತಿ ಪರಿಹಾರಕ್ಕೆ ಹೊಣೆಯಾಗುತ್ತಾರೆ. ಪರಿಹಾರವೆಂದು ಮೊದಲೇ ಕೊಟ್ಟದ್ದರಲ್ಲಿ, ಕಮಿಷನರರು ಬೇರೆ ಹೇಳದ ಹೊರತು, ಅರ್ಧಕ್ಕಿಂತ ಹೆಚ್ಚನ್ನು ಕಳೆಯಲಾರರು. ಹೋಟೆಲು ಮಾಲಿಕರಾದ ನಮ್ಮ ಮಿತ್ರರೂ ಇದನ್ನು ಗಮನಿಸುವುದು ಒಳ್ಳೆಯದು. ರಾಜಿಯನ್ನು ಕಮಿಷನರರ ಮುಂದೆ ಮಾಡಿಕೊಂಡರೆ ಇಬ್ಬರಿಗೂ ನಿಶ್ಚಿಂತೆ. ಹಾಗೆಂದು ಅಸಿಂಧು ಚೀಟಿಗೆ ಧೈರ್ಯವಾಗಿ ರುಜು ಹಾಕಬಹುದೆಂದು ಯಾರೂ ತಿಳಿಯಬಾರದು. ಅದನ್ನು ಅಲ್ಲಗಳೆಯುವುದಕ್ಕೆ ವರ್ಷಗಳೇ ಬೇಕಾಗುತ್ತವೆ, ಅಷ್ಟು ಕಾಲ ಹೋರಾಡುವ ತ್ರಾಣ ಅರವತ್ತರಲ್ಲಿ ಎಷ್ಟು ಜನಕ್ಕಿರುತ್ತದೆ?

ನಿವೃತ್ತಿಯಿಂದ ಹಕ್ಕು ಹೋಗದಿದ್ದರೂ ಊರಿಗೆ ಹೊರಡುವ ಆತುರದಿಂದ ಕೆಡಕು ಆಗುವುದುಂಟು. ಗಾಯವಾದ ತಿಳಿವಳಿಕೆ ಕೊಟ್ಟ ಮೂರು ದಿನಗಳೊಳಗೆ ಧಣಿಗಳು ತಮ್ಮ ಖರ್ಚಿನಿಂದ ವೈದ್ಯರ ತಪಾಸಣೆ ಮಾಡಿಸಬಹುದು. ತಪಾಸಣೆಗೆ ಒಳಗಾಗದೆ ನೌಕರನು ಆ ಅವಧಿಯೊಳಗೇ ತಾನಾಗಿ ಊರು ಬಿಟ್ಟರೆ, ಹಿಂತಿರುಗಿ ಬಂದು ತೋರಿಸಿಕೊಳ್ಳುವವರೆಗೆ ಅವನ ಹಕ್ಕು ಅಮಾನತಿನಲ್ಲಿರುತ್ತದೆ. ನೌಕರಿಯ ಕೊನೆಯ ವಾರದಲ್ಲಿ ಗಾಯಗೊಂಡವರು ಇದನ್ನು ಮರೆಯಬಾರದು. ಅರ್ಜಿಯನ್ನೇ ಇನ್ನೂ ಕೊಡದವರಿಗೆ ಎರಡು ವರ್ಷಗಳ ಗಡುವಿದೆ, ತಕ್ಕ ಕಾರಣವಿದ್ದರೆ ಕಮಿಷನರರು ವಿಳಂಬವನ್ನು ಮನ್ನಿಸಬಹುದು. 1995ರ ತಿದ್ದುಪಡಿಯ ನಂತರ ಅಪಘಾತವಾದ ಊರಿನಲ್ಲಷ್ಟೇ ಅಲ್ಲ, ಅರ್ಜಿದಾರನು ವಾಸವಾಗಿರುವ ಪ್ರದೇಶದ ಕಮಿಷನರರಲ್ಲಿಯೂ ಅರ್ಜಿ ಕೊಡಬಹುದು. ಉಡುಪಿಗೆ ಹೋಗಿ ನೆಲೆಸಿದವನು ಅದಕ್ಕಾಗಿ ಮುಂಬಯಿಗೆ ಓಡಾಡಬೇಕಾಗಿಲ್ಲ. ನಡೆಯುತ್ತಿರುವ ದಾವೆಯಲ್ಲಿಯೂ ವಕೀಲರಿಗಾಗಲಿ ನೋಂದಾಯಿತ ಕಾರ್ಮಿಕ ಸಂಘದ ಅಧಿಕಾರಿಗಾಗಲಿ ಬರೆದುಕೊಟ್ಟರೆ ಸಾಕು; ಸಾಕ್ಷ್ಯ ನುಡಿಯುವ ದಿನ ಮಾತ್ರ ತಾನೇ ಬರಬೇಕು.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸದವರಿರುವ ದೊಡ್ಡ ಹೋಟೆಲುಗಳಲ್ಲಿ ಇಎಸ್‌ಐ ವಿಮೆಗೆ ಸೇರಿದವರ ದಾರಿ ಬೇರೆ. ಅವರು ಧಣಿಗಳ ಮೇಲೆ ಪರಿಹಾರದ ದಾವೆ ಹೂಡುವಂತಿಲ್ಲ. ಕೆಲಸದಲ್ಲಿ ಆದ ಗಾಯದಿಂದ ಶಾಶ್ವತ ಊನವಾದರೆ ಅವರಿಗೆ ಇಎಸ್‌ಐ ನಿಗಮದಿಂದಲೇ ಹಣ ಬರುತ್ತದೆ. ಅದು ಜೀವಮಾನಪರ್ಯಂತ, ನಿವೃತ್ತಿಯಿಂದ ನಿಲ್ಲುವುದಿಲ್ಲ.

ಭಟ್ಟರು ರುಜು ಹಾಕದೆ ಕಾಗದವನ್ನು ಮಡಿಸಿಟ್ಟರು. ನಮ್ಮ ಮೇಜಿನಲ್ಲೇ ಕುಳಿತು ಬೇರೊಂದು ರಸೀದಿ ಬರೆದೆವು: ಒಂದು ಲಕ್ಷ ರೂಪಾಯಿ ಸೇವೆಯ ಬಾಬ್ತು ಮಾತ್ರ, ಕೈಯ ಗಾಯದ ದಾವೆ ಕಮಿಷನರರ ಮುಂದಿದೆ ಎಂದು. ಧಣಿಗಳು ಒಪ್ಪುವರೋ ಇಲ್ಲವೋ ಎಂದು ಭಟ್ಟರಿಗೆ ಅನುಮಾನ. ಒಪ್ಪದಿದ್ದರೆ ಬರಿಗೈಯಲ್ಲೇ ಬಸ್ಸು ಹತ್ತುತ್ತೇನೆಂದರು. ಸಾಕ್ಷ್ಯದ ವಾಯಿದೆ ಬಂದರೆ ತಿಳಿಸಬೇಕೆಂದು ಊರಿನ ವಿಳಾಸವನ್ನು ಎಡಗೈಯಲ್ಲಿ ನಿಧಾನವಾಗಿ ಬರೆದುಕೊಟ್ಟು ಹೋದರು.