ತನ್ನನ್ನು ತಾನು ಒಪ್ಪಿಕೊಳ್ಳುವ ಕೃಪೆ



ನಮ್ಮ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಇಂಥ ಒಬ್ಬರನ್ನು ನಾವು ಕಾಣುತ್ತೇವೆ. ಪೂಜೆಗೆ ತಪ್ಪದೆ ಬರುತ್ತಾರೆ, ಆದರೆ ಬಾಗಿಲ ಪಕ್ಕದ ಕೊನೆಯ ಬೆಂಚಿನಲ್ಲೇ ಕೂರುತ್ತಾರೆ. ಪೂಜೆ ಮುಗಿದ ಕೂಡಲೇ ಯಾರೊಡನೆಯೂ ಮಾತನಾಡದೆ ಹೊರಟುಬಿಡುತ್ತಾರೆ. ಹಬ್ಬದ ದಿನ ಪಟಾಕಿ, ಬ್ಯಾಂಡು, ಮೈಕಿನ ಸದ್ದು ಶುರುವಾದರೆ ಕಣ್ಣಿಗೇ ಬೀಳುವುದಿಲ್ಲ. ಮತ್ತೊಬ್ಬರು ಚೆನ್ನಾಗಿ ಓದಿದವರು, ಆದರೆ ಹತ್ತು ಕೆಲಸ ಹಿಡಿಯುತ್ತಾರೆ, ಒಂದನ್ನೂ ಮುಗಿಸುವುದಿಲ್ಲ. ಬೀಗದ ಕೈ ಎಲ್ಲಿಟ್ಟೆ, ಕರೆಂಟ್ ಬಿಲ್ಲಿನ ಕೊನೆಯ ದಿನ ಯಾವುದು ಎಂಬ ಹುಡುಕಾಟದಲ್ಲೇ ಅವರ ದಿನ ಕಳೆಯುತ್ತದೆ.

ಇವರಿಗೆ ಊರು ಇಡುವ ಹೆಸರುಗಳು ನಮಗೆ ಗೊತ್ತು. ಗರ್ವಿ, ಮೊದ್ದು, ಸೋಮಾರಿ, ವಿಚಿತ್ರ ಮನುಷ್ಯ. ಚಿಕ್ಕಂದಿನಿಂದ ಇವನ್ನೇ ಕೇಳಿ ಬೆಳೆದವರು ನಲವತ್ತರ ಹೊತ್ತಿಗೆ ಅವೇ ತಮ್ಮ ನಿಜವಾದ ಹೆಸರೆಂದು ನಂಬಿಬಿಟ್ಟಿರುತ್ತಾರೆ. ಹೊರಗಿನವರ ಬೈಗುಳ ಒಂದು ದಿನ ನಿಲ್ಲಬಹುದು. ಆದರೆ ಮನುಷ್ಯ ತನ್ನನ್ನೇ ತಾನು ಬೈದುಕೊಳ್ಳತೊಡಗಿದರೆ ಅದನ್ನು ನಿಲ್ಲಿಸುವವರು ಯಾರು? ಅಂಥವರಲ್ಲಿ ಕೆಲವರ ಮೆದುಳಿನ ರಚನೆಯೇ ಬೇರೆ ಬಗೆಯದು ಎಂಬುದನ್ನೂ, ಅದನ್ನು ಅರಿತು ಒಪ್ಪಿಕೊಂಡು ಚೆನ್ನಾಗಿ ಬಾಳಬಹುದು ಎಂಬುದನ್ನೂ ನಾವು ಇಲ್ಲಿ ತಿಳಿದುಕೊಳ್ಳೋಣ.

ಏನಿದು ಭಿನ್ನತೆ?

ಆಟಿಸಂ ಅಥವಾ ಸ್ವಲೀನತೆ, ಎ.ಡಿ.ಎಚ್.ಡಿ., ಡಿಸ್ಲೆಕ್ಸಿಯಾ ಎಂಬ ಹೆಸರುಗಳನ್ನು ನಾವು ಮಕ್ಕಳ ವಿಷಯದಲ್ಲಿ ಕೇಳಿದ್ದೇವೆ. ಇವು ಜ್ವರದಂತೆ ಬಂದು ಹೋಗುವ ಕಾಯಿಲೆಗಳಲ್ಲ. ಮೆದುಳು ಬೆಳೆಯುವ ಹಂತದಲ್ಲೇ ಮೂಡುವ ಭಿನ್ನತೆಗಳು. ಆಟಿಸಂ ಇರುವವರಿಗೆ ಮಾತಿನ ಹಿಂದಿನ ಸೂಚನೆ, ಮುಖಭಾವ, ಗುಂಪಿನ ಹರಟೆ ಇವು ತಾವಾಗಿ ಅರ್ಥವಾಗುವುದಿಲ್ಲ. ಶಬ್ದ, ಬೆಳಕು, ವಾಸನೆ, ಸ್ಪರ್ಶ ಹಲವರಿಗೆ ನಮಗಿಂತ ಹೆಚ್ಚು ತೀವ್ರವಾಗಿ ತಟ್ಟುತ್ತವೆ. ಇಷ್ಟವಾದ ಒಂದು ವಿಷಯದಲ್ಲಿ ಮಾತ್ರ ಅವರು ಬಹಳ ಆಳಕ್ಕೆ ಇಳಿಯುತ್ತಾರೆ. ಎ.ಡಿ.ಎಚ್.ಡಿ. ಇರುವವರಿಗೆ ಗಮನವೇ ಇಲ್ಲವೆಂದಲ್ಲ, ಅದನ್ನು ಬೇಕಾದಾಗ ಬೇಕಾದ ಕಡೆ ತಿರುಗಿಸುವುದು ಕಷ್ಟ. ಡಿಸ್ಲೆಕ್ಸಿಯಾ ಇರುವವರಿಗೆ ಬುದ್ಧಿ ಚುರುಕಾಗಿದ್ದರೂ ಅಕ್ಷರಗಳು ಸುಲಭವಾಗಿ ಕೂಡಿಬರುವುದಿಲ್ಲ. ಇಂಥ ಎಲ್ಲರನ್ನೂ ಒಟ್ಟಾಗಿ ‘ನ್ಯೂರೋಡೈವರ್ಜೆಂಟ್’ ಎಂದು ಕರೆಯುತ್ತಾರೆ. ಈ ವಿಚಾರ ಬಳಕೆಗೆ ಬಂದದ್ದು 1990ರ ದಶಕದ ಕೊನೆಯಿಂದ ಈಚೆಗೆ.

ಇದಕ್ಕೆ ಯಾರು ಕಾರಣ ಎಂದು ಕೇಳುವುದು ನಮ್ಮ ಹಳೆಯ ಚಾಳಿ. ತಾಯಿ ಮಗುವಿಗೆ ಪ್ರೀತಿ ತೋರದೆ ಹೋದದ್ದೇ ಆಟಿಸಂಗೆ ಕಾರಣವೆಂದು 1950 ಮತ್ತು 60ರ ದಶಕಗಳಲ್ಲಿ ವೈದ್ಯರೇ ಹೇಳಿ ಅಸಂಖ್ಯ ತಾಯಂದಿರನ್ನು ಅಳಿಸಿದರು. ಸ್ವತಃ ಆಟಿಸಂ ಇರುವ ಮಗನ ತಂದೆಯಾಗಿದ್ದ ಅಮೆರಿಕದ ಮನೋವಿಜ್ಞಾನಿ ಬರ್ನಾರ್ಡ್ ರಿಮ್‌ಲ್ಯಾಂಡ್ 1964ರಲ್ಲಿ ಒಂದು ಪುಸ್ತಕ ಬರೆದು ಆ ಮಾತನ್ನು ಅಲ್ಲಗಳೆದರು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಗುಲ್ಲಿಗೆ ಕಾರಣವಾದ 1998ರ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಈ ಭಿನ್ನತೆಗಳಲ್ಲಿ ಅನುವಂಶೀಯತೆಯ ಪಾಲು ದೊಡ್ಡದೆಂದು ಇಂದು ತಿಳಿದಿದೆ. ಇದು ಶಾಪವಲ್ಲ, ದೃಷ್ಟಿ ತಾಗಿದ್ದಲ್ಲ, ಹೆತ್ತವರ ಪಾಪದ ಫಲವೂ ಅಲ್ಲ. ಹುಟ್ಟುಕುರುಡನನ್ನು ಕಂಡು ಪಾಪ ಮಾಡಿದವರು ಯಾರೆಂದು ಶಿಷ್ಯರು ಕೇಳಿದಾಗ, ಅವನೂ ಅಲ್ಲ, ಅವನ ತಂದೆತಾಯಿಯೂ ಅಲ್ಲ ಎಂದು ಪ್ರಭು ಯೇಸು ಉತ್ತರಿಸಿದ್ದನ್ನು ನಾವು ಮರೆಯಬಾರದು.

ಒಂದು ಊರು ಕಲಿಸಿದ ಪಾಠ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಪಟ್ಟಣದಲ್ಲಿ 1933ರಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಮಗು ಹುಟ್ಟಿತು. ಮಗು ಅಂಕಿಗಳಲ್ಲೇ ಮುಳುಗಿರುತ್ತಿತ್ತು, ತಂದೆತಾಯಿ ಹತ್ತಿರ ಬಂದರೂ ತಿರುಗಿ ನೋಡುತ್ತಿರಲಿಲ್ಲ. ವೈದ್ಯರ ಸಲಹೆಯಂತೆ ಅವನನ್ನು ಮನೆಯಿಂದ ದೂರದ ಸಂಸ್ಥೆಯೊಂದರಲ್ಲಿ ಬಿಟ್ಟರು. ಮಗು ಸೊರಗಿತು. ಸುಮಾರು ಒಂದು ವರ್ಷದ ನಂತರ ತಂದೆತಾಯಿ ಹಟ ಹಿಡಿದು ಮನೆಗೆ ಕರೆತಂದರು. ವಕೀಲರಾಗಿದ್ದ ತಂದೆ ಮಗನ ಬಗ್ಗೆ 33 ಪುಟಗಳ ಪತ್ರ ಬರೆದು ಬಾಲ್ಟಿಮೋರಿನ ಡಾ. ಲಿಯೋ ಕ್ಯಾನರ್ ಅವರ ಬಳಿಗೆ ಹೋದರು. ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳ ಬಗ್ಗೆ ಬರೆದ ಪ್ರಸಿದ್ಧ ಲೇಖನದಲ್ಲಿ ಮೊದಲನೆಯವನೇ ಈ ಡೊನಾಲ್ಡ್.

ಮುಂದೆ ಕೆಲವು ವರ್ಷ ಡೊನಾಲ್ಡ್ ಒಂದು ರೈತ ದಂಪತಿಯ ಮನೆಯಲ್ಲಿ ಬೆಳೆದ. ಆ ದಂಪತಿ ಹೆಚ್ಚು ಓದಿದವರಲ್ಲ, ಆದರೆ ಹುಡುಗನ ಸ್ವಭಾವವನ್ನು ಅರಿತರು. ಎಣಿಸುವುದು, ಅಳೆಯುವುದು ಬೇಡವೆಂದು ಗದರಲಿಲ್ಲ. ಬಾವಿ ತೋಡುವಾಗ ಆಳ ಅಳೆದು ಹೇಳುವ ಕೆಲಸ ಕೊಟ್ಟರು. ಜೋಳದ ಸಾಲು ಎಣಿಸುತ್ತಾ ನೇಗಿಲು ಹಿಡಿಯುವುದನ್ನು ಕಲಿಸಿದರು. ಆ ಹುಡುಗ 1958ರಲ್ಲಿ ಪದವಿ ಪಡೆದ, ಊರಿನ ಬ್ಯಾಂಕಿನಲ್ಲಿ ಹತ್ತಾರು ವರ್ಷ ದುಡಿದ, ಕಾರು ಓಡಿಸಿದ, ಗಾಲ್ಫ್ ಆಡಿದ, ಒಬ್ಬನೇ ಹಲವು ದೇಶಗಳನ್ನು ಸುತ್ತಿ ಬಂದ. 2023ರಲ್ಲಿ 89ನೆಯ ವಯಸ್ಸಿನಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ತೀರಿಕೊಂಡರು.

ಅವರ ಮನೆಯವರು ಅನುಕೂಲಸ್ಥರು, ಆ ಬ್ಯಾಂಕಿನಲ್ಲಿ ಪಾಲುಳ್ಳವರು ಎಂಬುದು ನಿಜ. ಎಲ್ಲರಿಗೂ ಅಂಥ ಅನುಕೂಲವಿಲ್ಲ. ಅವರ ಆಟಿಸಂ ಕೊನೆಯವರೆಗೂ ವಾಸಿಯಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಊರಿನವರು ಅವರನ್ನು ಅವರಿದ್ದಂತೆಯೇ ತಮ್ಮವರೆಂದು ಎಣಿಸಿದರು. ಅದಕ್ಕೆ ಹಣ ಬೇಕಿರಲಿಲ್ಲ.

ತಡವಾಗಿ ತಿಳಿಯುವುದೇಕೆ?

ಇಂದು ನಲವತ್ತು, ಐವತ್ತು ದಾಟಿದವರು ಶಾಲೆಗೆ ಹೋಗುತ್ತಿದ್ದಾಗ ನಮ್ಮ ಊರುಗಳಲ್ಲಿ ಈ ಹೆಸರುಗಳೇ ಗೊತ್ತಿರಲಿಲ್ಲ. ಮಾತು ಬಾರದ ಮಕ್ಕಳನ್ನಷ್ಟೇ ಗುರುತಿಸುತ್ತಿದ್ದರು. ಮಾತು ಬಲ್ಲ, ಅಂಕ ಗಳಿಸುವ ಮಕ್ಕಳ ಕಷ್ಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಹೆಣ್ಣುಮಕ್ಕಳಂತೂ ‘ನಾಚಿಕೆ ಸ್ವಭಾವ’ ಎಂಬ ಮಾತಿನಡಿ ಮರೆಯಾಗಿ ಹೋದರು. 2013ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಆಟಿಸಂ ಮತ್ತು ಎ.ಡಿ.ಎಚ್.ಡಿ. ಎರಡನ್ನೂ ಒಬ್ಬರಲ್ಲೇ ಗುರುತಿಸಲು ಅವಕಾಶವಿರಲಿಲ್ಲ. ಎರಡೂ ಒಟ್ಟಿಗೆ ಇರುವುದು ಅಪರೂಪವಲ್ಲವೆಂದು ಈಗ ತಿಳಿದಿದೆ. ಎಷ್ಟೋ ಬಾರಿ ಮಗುವನ್ನು ಪರೀಕ್ಷೆಗೆ ಕರೆದೊಯ್ದ ಅಪ್ಪ ಅಥವಾ ಅಮ್ಮ, ವೈದ್ಯರ ಪ್ರಶ್ನೆಗಳನ್ನು ಕೇಳುತ್ತಾ, ಇದು ನನ್ನ ಬಾಲ್ಯವೇ ಅಲ್ಲವೇ ಎಂದು ಬೆರಗಾಗುತ್ತಾರೆ.

ಇನ್ನೊಂದು ಕಾರಣ ಮುಖವಾಡ. ಬೇರೆಯವರಂತೆ ಕಾಣಲು ಇವರು ಚಿಕ್ಕಂದಿನಲ್ಲೇ ಅಭಿನಯ ಕಲಿಯುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡಲು ಕಷ್ಟವಾದರೂ ನೋಡುತ್ತಾರೆ, ಅರ್ಥವಾಗದ ತಮಾಷೆಗೆ ನಗುತ್ತಾರೆ, ಆಡಬೇಕಾದ ಮಾತನ್ನು ಮನೆಯಲ್ಲೇ ಅಭ್ಯಾಸ ಮಾಡಿ ಬರುತ್ತಾರೆ. ಮದುವೆ ಮನೆಯಲ್ಲಿ ನಾಲ್ಕು ಗಂಟೆ ನಗುನಗುತ್ತಾ ಇದ್ದವರು ಮರುದಿನ ಹಾಸಿಗೆಯಿಂದ ಏಳಲಾರರು. ಈ ದಣಿವು ವರ್ಷಗಟ್ಟಲೆ ಕೂಡಿದರೆ ಮನಸ್ಸು ಕುಸಿಯುತ್ತದೆ. ಆಟಿಸಂ ಇರುವ ವಯಸ್ಕರಲ್ಲಿ ಖಿನ್ನತೆ, ಆತಂಕ, ಬದುಕೇ ಬೇಡವೆನ್ನುವ ಯೋಚನೆ ಇತರರಿಗಿಂತ ಹೆಚ್ಚೆಂದು ಅಧ್ಯಯನಗಳು ತೋರಿಸಿವೆ. ಆದ್ದರಿಂದ ಇದು ಜೀವದ ಪ್ರಶ್ನೆ.

ಇವರಿಗೆ ಬೇರೆಯವರ ಮನಸ್ಸು ಅರ್ಥವಾಗದು ಎಂಬ ಮಾತನ್ನೂ ನಾವು ತಿದ್ದಿಕೊಳ್ಳಬೇಕು. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಸರಳ ಸತ್ಯವನ್ನು ಮುಂದಿಟ್ಟರು. ಅವರಿಗೆ ನಾವು ಅರ್ಥವಾಗದಿರುವಷ್ಟೇ ನಮಗೂ ಅವರು ಅರ್ಥವಾಗುವುದಿಲ್ಲ. ಸೇತುವೆ ಕಟ್ಟುವ ಹೊಣೆ ಎರಡೂ ದಡದವರದು.

ಒಪ್ಪಿಕೊಳ್ಳುವುದೆಂದರೆ ಏನು?

ತಡವಾಗಿ ತಿಳಿದವರಲ್ಲಿ ಮೊದಲು ಮೂಡುವುದು ಸಮಾಧಾನ. ನಾನು ಕೆಟ್ಟವನಲ್ಲ, ಸೋಮಾರಿಯಲ್ಲ ಎಂಬ ನೆಮ್ಮದಿ. ಅದರ ಬೆನ್ನಿಗೇ ದುಃಖವೂ ಬರುತ್ತದೆ. ಇಷ್ಟು ವರ್ಷ ಪಟ್ಟ ಪಾಡು ವ್ಯರ್ಥವಾಯಿತಲ್ಲ, ಯಾರಾದರೂ ಮೊದಲೇ ಹೇಳಿದ್ದರೆ ಎಂಬ ಕೊರಗು. ಈ ದುಃಖವನ್ನು ಅವಸರದಿಂದ ಒರೆಸಬಾರದು. ಅದು ತನ್ನ ಕಾಲ ತೆಗೆದುಕೊಳ್ಳುತ್ತದೆ.

ನೆರೆಯವರನ್ನು ಪ್ರೀತಿಸಲು ಹೇಳಿದ ಪ್ರಭು ಅದಕ್ಕೆ ಇಟ್ಟ ಅಳತೆಗೋಲು ನಮ್ಮ ಮೇಲೆ ನಮಗಿರುವ ಪ್ರೀತಿಯೇ ಅಲ್ಲವೇ? ತನ್ನನ್ನೇ ಹಗೆಯೆಂದು ಕಾಣುವವನಿಗೆ ಆ ಅಳತೆಗೋಲೇ ಮುರಿದಂತೆ. ಹಾಗೆಂದು ಒಪ್ಪಿಕೊಳ್ಳುವುದು ಕೈಚೆಲ್ಲಿ ಕೂರುವುದಲ್ಲ, ‘ನಾನಿರುವುದೇ ಹೀಗೆ’ ಎಂದು ಇತರರನ್ನು ನೋಯಿಸಲು ಸಿಕ್ಕ ಅನುಮತಿಯೂ ಅಲ್ಲ. ಸ್ವಭಾವ ಯಾವುದು, ತಪ್ಪು ಯಾವುದು ಎಂದು ಬೇರ್ಪಡಿಸಿ ನೋಡುವ ವಿವೇಕ ಅದು. ಮರೆತುಹೋಗುವುದು, ಗದ್ದಲದಿಂದ ಎದ್ದು ಹೋಗುವುದು, ಪ್ರಾರ್ಥನೆಯ ನಡುವೆ ಮನಸ್ಸು ಹಾರಿಹೋಗುವುದು ಇವನ್ನೇ ಪ್ರತಿ ಬಾರಿ ಪಾಪನಿವೇದನೆಯಲ್ಲಿ ಹೇಳಿ ಅಳುವವರಿದ್ದಾರೆ. ಮನಸ್ಸಾರೆ ಮಾಡದ್ದು ಪಾಪವಾಗದೆಂದು ಗುರುಗಳು ಅವರಿಗೆ ತಿಳಿಹೇಳಬೇಕು. ಆದರೆ ದಣಿವಿನ ಸಿಟ್ಟಿನಲ್ಲಿ ಹೆಂಡತಿಯನ್ನು ನೋಯಿಸಿದರೆ ಕ್ಷಮೆ ಕೇಳಲೇಬೇಕು. ಕಾರಣ ತಿಳಿದರೆ ಅದೇ ತಪ್ಪು ಮತ್ತೆ ಆಗದಂತೆ ದಾರಿ ಹುಡುಕುವುದೂ ಸುಲಭ.

ದಿನದಿನದ ಬಾಳು

ಒಪ್ಪಿಕೊಂಡ ಮೇಲೆ ಮಾಡಬಹುದಾದದ್ದು ಬಹಳಷ್ಟಿದೆ. ಮರೆವು ಹೆಚ್ಚಿದ್ದರೆ ನೆನಪಿನ ಶಕ್ತಿಯೊಡನೆ ಗುದ್ದಾಡುವ ಬದಲು ಬಾಗಿಲ ಬಳಿ ಒಂದು ಮೊಳೆ ಹೊಡೆದು ಬೀಗದ ಕೈಯನ್ನು ಅಲ್ಲೇ ನೇತುಹಾಕಬೇಕು. ಗೋಡೆಯ ಮೇಲೆ ಪಟ್ಟಿ, ಮೊಬೈಲಿನಲ್ಲಿ ಅಲಾರಂ ಇರಲಿ. ದೊಡ್ಡ ಕೆಲಸವನ್ನು ಸಣ್ಣ ತುಂಡುಗಳಾಗಿ ಬರೆದುಕೊಳ್ಳಬೇಕು. ಪಕ್ಕದಲ್ಲಿ ಒಬ್ಬರು ಸುಮ್ಮನೆ ಕುಳಿತಿದ್ದರೂ ಸಾಕು, ಹಲವರಿಗೆ ಕೆಲಸ ಸಾಗುತ್ತದೆ. ಗದ್ದಲ ತಡೆಯದವರು ಕಿವಿಗೆ ಹತ್ತಿ ಇಟ್ಟುಕೊಳ್ಳಲು ನಾಚಬೇಕಾಗಿಲ್ಲ. ಸಮಾರಂಭದ ಮರುದಿನವನ್ನು ವಿಶ್ರಾಂತಿಗೆ ಬಿಡುವುದು ಐಷಾರಾಮವಲ್ಲ.

ಗಂಡ ಹೆಂಡಿರ ನಡುವೆ ಸೂಚನೆಗಳ ಭಾಷೆ ಬೇಡ, ನೇರ ಮಾತು ಇರಲಿ. ‘ನಿಮಗೇ ಗೊತ್ತಾಗಬೇಕಿತ್ತು’ ಎಂಬ ಮಾತಿನಿಂದ ಜಗಳ ಬೆಳೆಯುತ್ತದೆ. ‘ಇವತ್ತು ನನಗೆ ಸುಸ್ತಾಗಿದೆ ರೀ, ಅಡುಗೆ ನೀವೇ ಮಾಡಿ’ ಎಂದರೆ ಮುಗಿಯಿತು. ಎ.ಡಿ.ಎಚ್.ಡಿ.ಗೆ ಮನೋವೈದ್ಯರು ಕೊಡುವ ಔಷಧಿಗಳಿಂದ ಹಲವರಿಗೆ ಪ್ರಯೋಜನವಾಗಿದೆ. ಆಟಿಸಂ ಅನ್ನೇ ತೆಗೆದುಹಾಕುವ ಔಷಧಿ ಇಲ್ಲ, ಇದೆಯೆಂದು ಹಣ ಕೇಳುವವರನ್ನು ನಂಬಬಾರದು. ಅದರ ಜೊತೆಗೆ ಬರುವ ಖಿನ್ನತೆ, ಆತಂಕಗಳಿಗೆ ಚಿಕಿತ್ಸೆ ಇದೆ.

ಎಲ್ಲಿ ಕೇಳಬೇಕು?

ವಯಸ್ಕರ ಪರೀಕ್ಷೆಗೆ ಮನೋವೈದ್ಯರನ್ನೋ ಕ್ಲಿನಿಕಲ್ ಮನೋವಿಜ್ಞಾನಿಗಳನ್ನೋ ಕಾಣಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ. ಬಾಲ್ಯ ಹೇಗಿತ್ತೆಂದು ಅವರು ಕೇಳುವುದರಿಂದ ತಾಯಿಯೋ ಅಕ್ಕನೋ ಜೊತೆಗಿದ್ದರೆ, ಹಳೆಯ ಅಂಕಪಟ್ಟಿಗಳಿದ್ದರೆ ಅನುಕೂಲ. ಮನಸ್ಸು ತೀರ ಕುಸಿದಾಗ ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್‌ಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಆಟಿಸಂ ಮತ್ತು ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆಗಳು ಅದರಲ್ಲಿ ಸೇರಿವೆ. ಎ.ಡಿ.ಎಚ್.ಡಿ. ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲ. ಶೇ. 40ಕ್ಕೆ ಕಡಿಮೆಯಿಲ್ಲದ ಪ್ರಮಾಣಪತ್ರ ಪಡೆದವರಿಗೆ ಸರ್ಕಾರಿ ಕೆಲಸಗಳಲ್ಲಿ ಕನಿಷ್ಠ ಶೇ. 4ರ ಮೀಸಲಾತಿಯನ್ನು ಕಾಯ್ದೆ ನೀಡುತ್ತದೆ. ಅದರಲ್ಲಿ ಆಟಿಸಂ ಇರುವವರಿಗೂ ಪಾಲಿದೆ. ಪ್ರಮಾಣಪತ್ರ ಬೇಕೋ ಬೇಡವೋ ಎಂಬುದು ಅವರವರ ಆಯ್ಕೆ.

ನಮ್ಮ ಕುಟುಂಬಗಳ ಕರ್ತವ್ಯ

ಪೋಪ್ ಫ್ರಾನ್ಸಿಸ್ 2014ರ ನವೆಂಬರಿನಲ್ಲಿ ವ್ಯಾಟಿಕನ್ನಿನಲ್ಲಿ ಆಟಿಸಂ ಇರುವವರನ್ನೂ ಅವರ ಕುಟುಂಬಗಳನ್ನೂ ಭೇಟಿಯಾಗಿ, ಅವರ ಒಂಟಿತನವನ್ನೂ ಅವರಿಗೆ ಅಂಟಿದ ಕಳಂಕವನ್ನೂ ಒಡೆಯಲು ಎಲ್ಲರನ್ನೂ ಕರೆದರು. ಆ ಕರೆಗೆ ಓಗೊಡಲು ನಮ್ಮ ಧರ್ಮಕೇಂದ್ರಗಳಿಗೆ ಹೆಚ್ಚು ಖರ್ಚಿಲ್ಲ. ಭಾನುವಾರದ ಪೂಜೆಗಳಲ್ಲಿ ಒಂದಾದರೂ ಮೈಕಿನ ಅಬ್ಬರವಿಲ್ಲದೆ ನಡೆಯಲಿ. ಹಬ್ಬದ ಮೆರವಣಿಗೆ ಸಾಗುವಾಗ ದೇವಾಲಯದ ಒಂದು ಮೂಲೆ ನಿಶ್ಶಬ್ದವಾಗಿರಲಿ. ಕೊನೆಯ ಬೆಂಚಿನವರನ್ನು ಎಲ್ಲರೆದುರು ಮುಂದೆ ಕರೆಯುವುದು ಬೇಡ. ಶಾಂತಿ ಸೂಚಿಸುವಾಗ ಕೈ ಕುಲುಕದೆ ಕೈಮುಗಿಯುವ ನಮ್ಮ ಪದ್ಧತಿ ಸ್ಪರ್ಶಕ್ಕೆ ಅಂಜುವವರಿಗೆ ಒಂದು ವರವೇ ಸರಿ. ಲೆಕ್ಕದಲ್ಲಿ ಗಟ್ಟಿಗರಾದವರಿಗೆ ಹಬ್ಬದ ವಂತಿಗೆಯ ಪುಸ್ತಕ ಕೊಡಿ, ಹಳೆಯ ದಾಖಲೆಗಳಲ್ಲಿ ಆಸಕ್ತಿಯುಳ್ಳವರಿಗೆ ಜ್ಞಾನಸ್ನಾನದ ರಿಜಿಸ್ಟರುಗಳನ್ನು ಜೋಡಿಸುವ ಕೆಲಸ ಕೊಡಿ. ಆ ರೈತ ದಂಪತಿ ಮಾಡಿದ್ದೂ ಇಷ್ಟೇ.

ಸಂತ ಪೌಲರು ಧರ್ಮಸಭೆಯನ್ನು ಹಲವು ಅಂಗಗಳುಳ್ಳ ಒಂದೇ ದೇಹಕ್ಕೆ ಹೋಲಿಸಿ ಕೊರಿಂಥದವರಿಗೆ ಬರೆದರು. ಯಾವ ಅಂಗವೂ ಬೇರೊಂದು ಅಂಗದಂತೆ ಇಲ್ಲವೆಂದು ತಲೆತಗ್ಗಿಸಬೇಕಾಗಿಲ್ಲ. ಈ ಲೇಖನ ಓದುವಾಗ ‘ಇದು ನನ್ನದೇ ಕಥೆ’ ಎನಿಸಿದವರು ಇಂದೇ ನಂಬಿಕೆಯ ಒಬ್ಬರ ಬಳಿ ಬಾಯಿಬಿಟ್ಟು ಹೇಳಲಿ. ಕೇಳಿಸಿಕೊಳ್ಳುವವರು ಬುದ್ಧಿವಾದ ಹೇಳಲು ಅವಸರಿಸದೆ ಪೂರ್ತಿ ಕೇಳಲಿ. ದೇವರು ನಮ್ಮನ್ನು ಒಪ್ಪಿಕೊಂಡಿರುವಂತೆ ನಾವೂ ನಮ್ಮನ್ನು ಒಪ್ಪಿಕೊಳ್ಳೋಣ, ಒಬ್ಬರನ್ನೊಬ್ಬರು ಒಪ್ಪಿಕೊಳ್ಳೋಣ.