ಆಪರೇಷನ್ ಒಬ್ಬರಿಗೆ, ತಯಾರಿ ಇಡೀ ಮನೆಗೆ

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮುಗಿಯಲು ಸಾಮಾನ್ಯವಾಗಿ ಒಂದೆರಡು ಗಂಟೆ ಸಾಕು. ಆಸ್ಪತ್ರೆಯಲ್ಲಿ ಎರಡು ಮೂರು ದಿನ ಇದ್ದರೆ ಮನೆಗೆ ಕಳುಹಿಸುತ್ತಾರೆ. ಆದರೆ ಅದಕ್ಕೆ ಮುಂಚಿನ ಹಲವು ವಾರಗಳ ತಯಾರಿ ಮತ್ತು ಅದರ ನಂತರದ ಜೀವಮಾನದ ಪಥ್ಯ ನಡೆಯುವುದು ನಮ್ಮ ನಿಮ್ಮ ಮನೆಗಳಲ್ಲೇ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದವರು ಇದನ್ನು ಇನ್ನಷ್ಟು ಗಮನದಲ್ಲಿಡಬೇಕು. ಇಂತಹ ಚಿಕಿತ್ಸೆಗೆ ನಾವು ಹುಬ್ಬಳ್ಳಿ, ಧಾರವಾಡ, ಬೆಳಗಾವಿ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗಬೇಕು. ದಾಂಡೇಲಿಯಿಂದ ಹುಬ್ಬಳ್ಳಿಗೆ ಸುಮಾರು 75 ಕಿ.ಮೀ. ಜೋಯಿಡಾದ ಕಾಡಿನ ನಡುವಿನ ಹಳ್ಳಿಗಳಿಂದ ಇನ್ನೂ ದೂರ. ವೈದ್ಯರು ದೂರದಲ್ಲಿರುವಾಗ ರೋಗಿಯನ್ನು ನೋಡಿಕೊಳ್ಳುವವರು ಮನೆಯವರೇ. ಹಾಗಾಗಿ ಆಪರೇಷನ್ ಒಬ್ಬರಿಗಾದರೂ ಅದರ ತಿಳಿವಳಿಕೆ ಮನೆಯ ಎಲ್ಲರಿಗೂ ಇರಬೇಕು.

ಯಾರಿಗೆ ಬೇಕು?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಮಹಿಳೆಯರಲ್ಲೂ ಪುರುಷರಲ್ಲೂ ಸುಮಾರು ಶೇ. 30 ಮಂದಿ ಅಧಿಕ ತೂಕದವರು. ಇವರೆಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕಿಲ್ಲ. ಹೆಚ್ಚಿನವರಿಗೆ ಊಟದ ಶಿಸ್ತು, ನಡಿಗೆ ಮತ್ತು ಔಷಧಿ ಸಾಕು.

ವೈದ್ಯರು ಮೊದಲು ನೋಡುವುದು ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ. ಕಿಲೋಗ್ರಾಂನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಅದು ಸಿಗುತ್ತದೆ. ಭಾರತೀಯರಿಗೆ ಸಾಮಾನ್ಯವಾಗಿ ಬಳಸುವ ಮಾರ್ಗಸೂಚಿಯಂತೆ ಬಿಎಂಐ 37.5 ದಾಟಿದವರಿಗೆ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಮುಂತಾದವು ಇದ್ದರೆ 32.5 ದಾಟಿದವರಿಗೆ ಈ ಚಿಕಿತ್ಸೆಯನ್ನು ಸೂಚಿಸಬಹುದು. ಐದು ಅಡಿ ಎತ್ತರದ ಮಹಿಳೆಯ ಲೆಕ್ಕದಲ್ಲಿ ಇದು ಸುಮಾರು 87 ಕೆಜಿ ಮತ್ತು 75 ಕೆಜಿ. ಇತ್ತೀಚಿನ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು ಈ ಮಿತಿಯನ್ನು ಇನ್ನೂ ಕೆಳಗಿಳಿಸಿವೆ. ಅಂತಿಮ ತೀರ್ಮಾನ ನಿಮ್ಮನ್ನು ಪರೀಕ್ಷಿಸಿದ ವೈದ್ಯರದು.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಕೊಳ್ಳೋಣ. 2022ರ ಮೇ ತಿಂಗಳಲ್ಲಿ 21 ವರ್ಷದ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡರು. ಆ ಸುದ್ದಿ ಓದಿದ ಅನೇಕರು ಎಲ್ಲವನ್ನೂ ಒಂದೇ ಎಂದು ತಿಳಿದಿದ್ದಾರೆ. ಕೊಬ್ಬು ತೆಗೆಸುವುದು ದೇಹದ ಆಕಾರಕ್ಕಾಗಿ ಮಾಡಿಸಿಕೊಳ್ಳುವ ಸೌಂದರ್ಯ ಚಿಕಿತ್ಸೆ. ನಾವಿಲ್ಲಿ ಹೇಳುತ್ತಿರುವುದು ಜಠರದ ಶಸ್ತ್ರಚಿಕಿತ್ಸೆಯ ಬಗ್ಗೆ. ಇದನ್ನು ಮಾಡುವುದು ಕಾಯಿಲೆಗಾಗಿ. ಮದುವೆಗೆ ಮುಂಚೆ ಹುಡುಗಿ ತೆಳ್ಳಗಾಗಲಿ ಎಂದು ಮನೆಯವರು ಒತ್ತಾಯಿಸಿ ಮಾಡಿಸುವಂಥದ್ದಲ್ಲ ಇದು.

ಒಳಗೆ ಏನು ಮಾಡುತ್ತಾರೆ?

ಹೆಚ್ಚಾಗಿ ನಡೆಯುವುದು ಎರಡು ಬಗೆ. ಸ್ಲೀವ್ ವಿಧಾನದಲ್ಲಿ ಜಠರದ ಶೇ. 75ರಿಂದ 80 ಭಾಗವನ್ನು ತೆಗೆದು, ಉಳಿದದ್ದನ್ನು ಕೊಳವೆಯ ಆಕಾರಕ್ಕೆ ತರುತ್ತಾರೆ. ಬೈಪಾಸ್ ವಿಧಾನದಲ್ಲಿ ಜಠರದ ಮೇಲ್ಭಾಗದಲ್ಲಿ ಸಣ್ಣ ಚೀಲ ಮಾಡಿ, ಅದನ್ನು ನೇರವಾಗಿ ಸಣ್ಣ ಕರುಳಿಗೆ ಜೋಡಿಸುತ್ತಾರೆ. ಎರಡರಲ್ಲೂ ಸ್ವಲ್ಪ ತಿಂದರೆ ಹೊಟ್ಟೆ ತುಂಬುತ್ತದೆ, ಹಸಿವಿನ ಹಾರ್ಮೋನುಗಳೂ ಬದಲಾಗುತ್ತವೆ. ಒಂದರಿಂದ ಒಂದೂವರೆ ವರ್ಷದಲ್ಲಿ ಒಟ್ಟು ತೂಕದ ಸುಮಾರು ಕಾಲು ಭಾಗ ಇಳಿಯುವುದು ಸಾಮಾನ್ಯ. ಪಥ್ಯ ಬಿಟ್ಟರೆ ತೂಕ ಮರಳಿ ಬರುತ್ತದೆ ಎಂಬುದೂ ನಿಜ.

ಆಪರೇಷನ್‌ಗೆ ಮುಂಚೆ

ರಕ್ತ, ಸಕ್ಕರೆ, ಥೈರಾಯ್ಡ್, ಇಸಿಜಿ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಪರೀಕ್ಷೆಗಳಿರುತ್ತವೆ. ಜೋರಾಗಿ ಗೊರಕೆ ಹೊಡೆಯುವವರಾದರೆ ವೈದ್ಯರಿಗೆ ತಿಳಿಸಿ, ಅರಿವಳಿಕೆ ಕೊಡುವವರಿಗೆ ಅದು ಮುಖ್ಯ. ಬೀಡಿ, ಸಿಗರೇಟು, ಗುಟ್ಕಾ, ತಂಬಾಕು ಹಾಕಿದ ಪಾನ್ ಇವನ್ನು ಕನಿಷ್ಠ ಆರು ವಾರ ಮುಂಚೆ ಪೂರ್ತಿ ಬಿಡಬೇಕು. ತಂಬಾಕಿನಿಂದ ಒಳಗಿನ ಹೊಲಿಗೆ ಬೇಗ ಮಾಯುವುದಿಲ್ಲ.

ಕೊನೆಯ ಎರಡು ವಾರ ಕಡಿಮೆ ಕ್ಯಾಲೊರಿಯ ಪಥ್ಯ ಹೇಳುತ್ತಾರೆ. ಅದು ಯಕೃತ್ತಿನ ಕೊಬ್ಬು ಕರಗಿಸಿ ಗಾತ್ರ ಕಿರಿದಾಗಿಸಲು. ಯಕೃತ್ತು ದೊಡ್ಡದಿದ್ದರೆ ಅದರ ಕೆಳಗಿರುವ ಜಠರವನ್ನು ತಲುಪುವುದು ವೈದ್ಯರಿಗೆ ಕಷ್ಟ. "ಆಮೇಲೆ ಹೇಗೂ ತಿನ್ನುವ ಹಾಗಿಲ್ಲ, ಈಗಲೇ ತಿಂದುಬಿಡು" ಎಂದು ಬಂಧುಗಳು ದಾವತ್ ಮೇಲೆ ದಾವತ್ ಕೊಡುವುದು ರೋಗಿಗೆ ಮಾಡುವ ಉಪಕಾರವಲ್ಲ.

ಆರೋಗ್ಯ ವಿಮೆ ಇದ್ದರೆ ಪಾಲಿಸಿಯನ್ನು ಮೊದಲೇ ಓದಿಸಿ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದ ಪ್ರಕಾರ ಸಾಮಾನ್ಯವಾಗಿ ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಇಲ್ಲವೇ ತೀವ್ರ ಕಾಯಿಲೆಯೊಂದಿಗೆ 35 ಇರಬೇಕು. ಅಂದರೆ ವೈದ್ಯರು ಒಪ್ಪಿದರೂ ವಿಮೆ ಒಪ್ಪದಿರಬಹುದು.

ಹಲಾಲ್ ಬಗ್ಗೆ ಮೊದಲೇ ಕೇಳಿ

ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್, ಎನಾಕ್ಸಪಾರಿನ್ ಚುಚ್ಚುಮದ್ದುಗಳನ್ನು ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಅನೇಕ ವಿಟಮಿನ್ ಕ್ಯಾಪ್ಸೂಲ್‌ಗಳ ಹೊರಕವಚ ಜೆಲಾಟಿನ್‌ನದು. ಇದು ಕೊನೆಯ ಗಳಿಗೆಯಲ್ಲಿ ಗೊತ್ತಾಗಿ ಚುಚ್ಚುಮದ್ದು ಬೇಡವೆಂದರೆ ಪ್ರಾಣಕ್ಕೇ ಅಪಾಯ. ಮೊದಲ ಭೇಟಿಯಲ್ಲೇ ವೈದ್ಯರನ್ನು ಕೇಳಿ. ಫೊಂಡಾಪರಿನಕ್ಸ್ ಎಂಬ ಕೃತಕವಾಗಿ ತಯಾರಿಸಿದ ಔಷಧವಿದೆ, ಅದು ನಿಮಗೆ ಸೂಕ್ತವೇ ಎಂದು ಅವರು ಹೇಳುತ್ತಾರೆ. ವಿಟಮಿನ್‌ಗಳನ್ನು ಮಾತ್ರೆ ಅಥವಾ ಸಸ್ಯಮೂಲದ ಕ್ಯಾಪ್ಸೂಲ್ ರೂಪದಲ್ಲಿ ಪಡೆಯಬಹುದು. ಬೇರೆ ದಾರಿಯಿಲ್ಲದಾಗ ಏನು ಮಾಡಬೇಕೆಂದು ನೀವು ನಂಬುವ ವಿದ್ವಾಂಸರನ್ನು ಮುಂಚಿತವಾಗಿಯೇ ವಿಚಾರಿಸಿಕೊಳ್ಳಿ.

ಮೊದಲ ವಾರಗಳು

ಆಪರೇಷನ್ ಆದ ದಿನವೇ ಎಬ್ಬಿಸಿ ನಡೆಸುತ್ತಾರೆ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇದು ಅಗತ್ಯ. ಬಿಡುಗಡೆಯಾದ ಕೂಡಲೇ ಊರಿಗೆ ಹೊರಡದೆ, ಸಾಧ್ಯವಾದರೆ ಒಂದು ವಾರ ಆಸ್ಪತ್ರೆಯ ಹತ್ತಿರದ ಬಂಧುಗಳ ಮನೆಯಲ್ಲಿರಿ. ಹೊಲಿಗೆ ಸೋರುವ ತೊಂದರೆ ನೂರರಲ್ಲಿ ಒಬ್ಬರ ಆಸುಪಾಸಿನಲ್ಲಿ ಮಾತ್ರ ಕಾಣುತ್ತದೆ. ಆದರೆ ಕಂಡಾಗ ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ಊರಿಗೆ ಬರುವಾಗ ಬೈಕ್ ಬೇಡ. ಕಾರಿನಲ್ಲಿ ಬಂದರೂ ಗಂಟೆಗೊಮ್ಮೆ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಯಿರಿ.

ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಮಗು ಯಾವುದನ್ನೂ ನಾಲ್ಕರಿಂದ ಆರು ವಾರ ಎತ್ತಬಾರದು. ಸುಜೂದ್‌ಗೆ ಬಾಗುವಾಗ ಹೊಟ್ಟೆ ನೋಯುವುದಾದರೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡಿ.

ಅಡುಗೆಮನೆಯ ಕ್ರಮ

ಮೊದಲ ಎರಡು ವಾರ ಬರೀ ದ್ರವ: ನೀರು, ಸೋಸಿದ ಬೇಳೆಕಟ್ಟು, ಕೊಬ್ಬು ತೆಗೆದ ಕೋಳಿ ಶೋರ್ಬಾ, ಸಕ್ಕರೆಯಿಲ್ಲದ ತೆಳು ಮಜ್ಜಿಗೆ. ಒಂದು ಸಲಕ್ಕೆ ಒಂದು ಗುಟುಕು. ಮೂರು-ನಾಲ್ಕನೇ ವಾರ ರುಬ್ಬಿದ ಆಹಾರ. ಐದು-ಆರನೇ ವಾರ ಮೆತ್ತಗಿನ ಮೊಟ್ಟೆ, ಮುಳ್ಳು ತೆಗೆದ ಮೀನು, ಚೆನ್ನಾಗಿ ಬೆಂದ ಬೇಳೆ. ಆಮೇಲೆ ನಿಧಾನವಾಗಿ ಮಾಮೂಲಿ ಊಟ. ನಿಮ್ಮ ಆಸ್ಪತ್ರೆ ಕೊಟ್ಟ ಪಟ್ಟಿ ಇದಕ್ಕಿಂತ ಬೇರೆಯಿದ್ದರೆ ಅದನ್ನೇ ಪಾಲಿಸಿ.

ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಬೇಕು. ಒಂದು ಮೊಟ್ಟೆಯಲ್ಲಿ ಸಿಗುವುದು ಸುಮಾರು 6 ಗ್ರಾಂ. ಆದ್ದರಿಂದ ತಟ್ಟೆಯಲ್ಲಿ ಮೊದಲು ಮೊಟ್ಟೆ, ಮೀನು, ಕೋಳಿ ಅಥವಾ ಬೇಳೆ ತಿಂದು, ಜಾಗ ಉಳಿದರೆ ಅನ್ನ, ರೊಟ್ಟಿ. ಊಟದ ನಡುವೆ ನೀರು ಕುಡಿಯಬೇಡಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಶೀರ್ ಖುರ್ಮಾ, ಶರಬತ್‌ನಂತಹ ಸಿಹಿ ತಿಂದರೆ, ಅದರಲ್ಲೂ ಬೈಪಾಸ್ ಆದವರಿಗೆ, ಬೆವರು, ಎದೆಬಡಿತ, ಹೊಟ್ಟೆನೋವು, ಭೇದಿ ಶುರುವಾಗಬಹುದು.

ಕಬ್ಬಿಣ, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪೂರ್ತಿ. ಮೂರು, ಆರು, ಹನ್ನೆರಡು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರಿದರೆ ಗಾಬರಿ ಬೇಡ, ಪೋಷಣೆ ಸರಿಯಿದ್ದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಮೈಕೈ ನೋವಿಗೆ ಐಬುಪ್ರೊಫೆನ್, ಡೈಕ್ಲೋಫಿನಾಕ್ ಮಾತ್ರೆಗಳನ್ನು ಕೇಳದೆ ನುಂಗಬೇಡಿ, ಜಠರದಲ್ಲಿ ಹುಣ್ಣಾಗುತ್ತದೆ. ಸಕ್ಕರೆ ಮತ್ತು ಬಿಪಿ ಔಷಧಿಯ ಪ್ರಮಾಣವನ್ನು ವೈದ್ಯರಿಂದ ಹೊಸದಾಗಿ ಬರೆಸಿಕೊಳ್ಳಿ. ಹಳೆಯ ಪ್ರಮಾಣ ಮುಂದುವರಿಸಿದರೆ ಸಕ್ಕರೆ ತೀರಾ ಇಳಿಯಬಹುದು.

ರಮಝಾನ್ ಮತ್ತು ಗರ್ಭಧಾರಣೆ

ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರನ್ನು ಗುಟುಕು ಗುಟುಕಾಗಿಯೇ ಕುಡಿಯಬೇಕಾದವರು ಇಫ್ತಾರ್‌ನಿಂದ ಸಹ್ರಿವರೆಗಿನ ಸಮಯದಲ್ಲಿ, ತರಾವೀಹ್ ಮತ್ತು ನಿದ್ದೆ ಕಳೆದು, ಅಷ್ಟನ್ನು ಕುಡಿಯುವುದು ಕಷ್ಟ. ಹಾಗಾಗಿ ಮೊದಲ ಒಂದು ವರ್ಷ ಉಪವಾಸ ಬೇಡವೆಂದು ಅನೇಕ ತಜ್ಞರು ಹೇಳುತ್ತಾರೆ. ರೋಗಿಗಳು ಬೇರೆ ದಿನಗಳಲ್ಲಿ ಉಪವಾಸ ಪೂರ್ತಿ ಮಾಡಬಹುದೆಂಬ ರಿಯಾಯಿತಿಯನ್ನು ಕುರ್‌ಆನಿನ ಅಲ್‌ಬಕರ ಅಧ್ಯಾಯವೇ ಕೊಟ್ಟಿದೆ. ರಮಝಾನ್ ಪ್ರತಿ ವರ್ಷ 10-11 ದಿನ ಮುಂಚೆ ಬರುತ್ತದೆ. ಅದನ್ನು ನೋಡಿಕೊಂಡೇ ಆಪರೇಷನ್ ದಿನ ಗೊತ್ತುಮಾಡಿ.

ಮಹಿಳೆಯರು 12ರಿಂದ 18 ತಿಂಗಳು ಗರ್ಭ ಧರಿಸಬಾರದು. ತೂಕ ಇಳಿದಂತೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚುತ್ತದೆ, ಬೈಪಾಸ್ ಆದವರಿಗೆ ಗರ್ಭನಿರೋಧಕ ಮಾತ್ರೆ ಸರಿಯಾಗಿ ಕೆಲಸ ಮಾಡದಿರಬಹುದು. ಗಂಡ ಹೆಂಡತಿ ಜೊತೆಯಾಗಿ ವೈದ್ಯರೊಂದಿಗೆ ಮಾತಾಡಿ ಸರಿಯಾದ ಕ್ರಮ ಆರಿಸಿಕೊಳ್ಳಬೇಕು.

ತಡಮಾಡಬಾರದ ಲಕ್ಷಣಗಳು

ಕುಳಿತಿದ್ದಾಗಲೂ ನಾಡಿಬಡಿತ ನಿಮಿಷಕ್ಕೆ 120 ದಾಟುವುದು, ಜ್ವರ, ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಎಡ ಭುಜದ ನೋವು, ಉಸಿರಾಟದ ತೊಂದರೆ, ಒಂದೇ ಕಾಲಿನ ಊತ, ಕಪ್ಪು ಮಲ. ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ, 108 ಆಂಬುಲೆನ್ಸ್ ಕರೆಯಿರಿ. ಎರಡು ಮೂರು ದಿನ ಬಿಡದೆ ವಾಂತಿಯಾದರೆ ಬಿ1 ವಿಟಮಿನ್ ಬರಿದಾಗಿ ನರಗಳಿಗೆ, ಮೆದುಳಿಗೆ ಶಾಶ್ವತ ಹಾನಿಯಾಗಬಹುದು. "ಆಪರೇಷನ್ ಆದವರಿಗೆ ಇದು ಇದ್ದದ್ದೇ" ಎಂದು ಸುಮ್ಮನಿರಬೇಡಿ. ಆಪರೇಷನ್‌ನ ಹೆಸರು, ದಿನಾಂಕ, ವೈದ್ಯರ ನಂಬರ್ ಬರೆದ ಚೀಟಿ ರೋಗಿಯ ಪರ್ಸಿನಲ್ಲಿರಲಿ. ಜೋಯಿಡಾದ ಕಡೆ ನೆಟ್‌ವರ್ಕ್ ಸಿಗದ ಜಾಗದಲ್ಲಿರುವವರು ರಾತ್ರಿ ಯಾರ ವಾಹನ ಸಿಗುತ್ತದೆಂದು ಮೊದಲೇ ಮಾತಾಡಿಟ್ಟುಕೊಳ್ಳಿ.

ನಮ್ಮಲ್ಲಿ ಅನೇಕರು ಜನರ ಮಾತಿಗೆ ಅಂಜಿ ಆಪರೇಷನ್ ಆದದ್ದನ್ನು ಬಂಧುಗಳಿಂದಲೇ ಮುಚ್ಚಿಡುತ್ತಾರೆ. ಆಮೇಲೆ ಮದುವೆ ಮನೆಯ ದಸ್ತರ್‌ಖಾನ್‌ನಲ್ಲಿ ಒತ್ತಾಯಕ್ಕೆ ಮಣಿದು ತಿಂದು, ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಾರೆ. ಕಾಯಿಲೆಗೆ ಚಿಕಿತ್ಸೆ ಪಡೆದದ್ದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ನಿಮ್ಮ ಮನೆಗೆ ಅಂಥವರು ಬಂದರೆ ಬಿರಿಯಾನಿಯ ತಟ್ಟೆ ತುಂಬಿಸಬೇಡಿ. ಸಣ್ಣ ಬಟ್ಟಲಲ್ಲಿ ಎರಡು ತುಂಡು ಕೋಳಿ ಕೊಟ್ಟು, ಅವರು ಸಾಕೆಂದಾಗ ಸಾಕು ಎಂದು ಒಪ್ಪಿಕೊಳ್ಳಿ.