ಗುಂಡಿ ಎಲ್ಲಿ ಅಡಗಿತು? ಹಿರಿಯರ ಫೋನಿಗೆ ಅರ್ಧ ಗಂಟೆಯ ರಿಪೇರಿ

ಪಂಪಿನ ಸ್ಟಾರ್ಟರಿನಲ್ಲಿ ಎರಡೇ ಗುಂಡಿ. ಹಸಿರು ಒತ್ತಿದರೆ ನೀರು, ಕೆಂಪು ಒತ್ತಿದರೆ ಬಂದ್. ಎಂಬತ್ತರ ಅಜ್ಜನೂ ಕತ್ತಲೆಯಲ್ಲಿ ತಡವಿ ಚಾಲೂ ಮಾಡುತ್ತಾರೆ. ಅದೇ ಅಜ್ಜ, ಮಗಳ ಫೋನ್ ಬಂದರೆ 'ಎಷ್ಟು ಒತ್ತಿದ್ರೂ ಮಾತೇ ಬರುದಿಲ್ಲ ಮಾರಾಯ' ಎನ್ನುತ್ತಾರೆ. ಮೊಮ್ಮಕ್ಕಳಿಗೆ ನಗು. ಆದರೆ ತಪ್ಪು ಅಜ್ಜನದಲ್ಲ, ಗುಂಡಿ ಬಚ್ಚಿಟ್ಟವರದು.

ರಾತ್ರಿ ಬೆಳಗಾಗುವಾಗ ಬದಲು

2025ರ ಆಗಸ್ಟಿನಲ್ಲಿ ಗೂಗಲ್‌ನ ಫೋನ್ ಆಪ್ ಹೊಸ ರೂಪ ತಾಳಿತು. ಹಲವರ ಮೊಬೈಲಿನಲ್ಲಿ ಕೇಳದೆ, ಹೇಳದೆ ಕರೆ ಬರುವ ಪರದೆಯೇ ಬದಲು. ಮೇಲಕ್ಕೆ ಸರಿಸಿ ಅಭ್ಯಾಸವಾದವರು ಈಗ ಅಡ್ಡಕ್ಕೆ ಸರಿಸಬೇಕು. ಯುವಕರೇ ತಬ್ಬಿಬ್ಬಾದರು. ಹಿರಿಯರ ಪಾಡು ಕೇಳುವುದೇ ಬೇಡ.

ಅದಕ್ಕೂ ಮೊದಲು, 2019ರ ಆಂಡ್ರಾಯ್ಡ್ 10ರಲ್ಲಿ ಪರದೆಯ ಬುಡದ ಮೂರು ಗುಂಡಿಗಳ ಬದಲಿಗೆ ಸಪೂರ ಗೆರೆಯೊಂದನ್ನು ಇಡುವ ಕ್ರಮ ಬಂತು. ಹಿಂದೆ ಹೋಗಲು ಅಂಚಿನಿಂದ ಒಳಕ್ಕೆ ಸರಿಸಬೇಕು. ಕಣ್ಣಿಗೆ ಕಾಣದ್ದನ್ನು ಯಾರಾದರೂ ಹೇಳದೆ ತಿಳಿಯುವುದು ಹೇಗೆ? ವಸ್ತುವನ್ನು ನೋಡಿದಾಗಲೇ ಬಳಕೆ ತಿಳಿಯಬೇಕೆಂದು ಅಮೆರಿಕದ ಡೊನಾಲ್ಡ್ ನಾರ್ಮನ್ 1988ರಲ್ಲೇ ಪುಸ್ತಕ ಬರೆದಿದ್ದರು.

ದುಡಿದ ಬೆರಳಿನ ಕಷ್ಟ

ಬೆರಳಿನ ಸೂಕ್ಷ್ಮ ವಿದ್ಯುದ್ಗುಣವನ್ನು ಪರದೆ ಗುರುತಿಸುತ್ತದೆ. ಅಡಿಕೆ ಸುಲಿದು, ಹಾರೆ ಹಿಡಿದು ದಡ್ಡುಗಟ್ಟಿದ ಒಣ ಬೆರಳು ಅದಕ್ಕೆ ಸರಿಯಾಗಿ ಸಿಗುವುದಿಲ್ಲ. ಕೈ ನಡುಗಿದರೆ ಒತ್ತಿದ್ದು ಸರಿಸಿದಂತಾಗುತ್ತದೆ. ಬೆರಳು ಎತ್ತಲು ತಡವಾದರೆ ಚಿತ್ರಗಳು ಜಾಗ ಬಿಟ್ಟು ಏಳುತ್ತವೆ.

ನಷ್ಟ ಬರೀ ಮಾತಿನದಲ್ಲ. ಪಿ.ಎಂ. ಕಿಸಾನ್ ಇ-ಕೆವೈಸಿ, ಬ್ಯಾಂಕಿನ ಸಂದೇಶ ಎಲ್ಲವೂ ಈಗ ಮೊಬೈಲಿಗೇ. ತಿಳಿಯದವರು 'ನೀನೇ ನೋಡಪ್ಪ' ಎಂದು ಅಪರಿಚಿತರ ಕೈಗೆ ಫೋನ್ ಕೊಡುತ್ತಾರೆ, ಕೇಳಿದರೆ ಪಿನ್ನನ್ನೂ ಹೇಳುತ್ತಾರೆ. ಮೋಸಕ್ಕೆ ಬಾಗಿಲು ತೆರೆಯುವುದು ಇಲ್ಲೇ.

ಮನೆಯಲ್ಲೇ ಮಾಡಿ

ಸೆಟ್ಟಿಂಗ್ಸ್‌ನಲ್ಲಿ ಇಷ್ಟು ಸರಿಪಡಿಸಿ. ಹೆಸರು, ಜಾಗ ಫೋನಿನಿಂದ ಫೋನಿಗೆ ತುಸು ಬೇರೆ.

* ಗೂಗಲ್ ಫೋನ್ ಆಪಿನ ಸೆಟ್ಟಿಂಗ್ಸ್‌ನಲ್ಲಿ 'ಇನ್‌ಕಮಿಂಗ್ ಕಾಲ್ ಜೆಸ್ಚರ್' ಹುಡುಕಿ, 'ಸಿಂಗಲ್ ಟ್ಯಾಪ್' ಆರಿಸಿ. ಸರಿಸುವುದು ಬೇಡ, ಒತ್ತಿದರೆ ಸಾಕು.
* 'ನ್ಯಾವಿಗೇಶನ್' ಎಂಬಲ್ಲಿ ಮೂರು ಗುಂಡಿಗಳನ್ನು ಮರಳಿ ತನ್ನಿ.
* ಅಕ್ಷರ ದೊಡ್ಡದು ಮಾಡಿ. ಪರದೆ ಆರುವ ಸಮಯವನ್ನು ಎರಡು ನಿಮಿಷಕ್ಕೆ ಏರಿಸಿ.
* 'ಆಕ್ಸೆಸಿಬಿಲಿಟಿ'ಯಲ್ಲಿ 'ಟಚ್ ಆ್ಯಂಡ್ ಹೋಲ್ಡ್ ಡಿಲೇ' ಹೆಚ್ಚಿಸಿ. ನಿಧಾನದ ಬೆರಳಿಗೆ ಇದು ವರದಾನ.
* ಮೊದಲ ಪುಟದಲ್ಲಿ ನಾಲ್ಕೈದೇ ಆಪ್ ಇಡಿ. ಮಿಕ್ಕವು ಹಿಂದಿನ ಪುಟಕ್ಕೆ ಹೋಗಲಿ.

ಎರಡು ಸಂಗತಿ ಗೋಡೆಯಲ್ಲೇ ಬರೆದು ಅಂಟಿಸಿ: ಯುಪಿಐಯಲ್ಲಿ ಹಣ ಬರಲು ಪಿನ್ ಬೇಡ. ಹಣ ಹೋದದ್ದು ತಿಳಿದ ಕೂಡಲೇ 1930ಕ್ಕೆ ಫೋನ್ ಮಾಡಬೇಕು.

ಆಪ್ ಅಪ್‌ಡೇಟ್ ಆದಾಗೆಲ್ಲ ಹಿರಿಯರ ಜತೆ ಕೂತು ಒಮ್ಮೆ ನೋಡಿ. ಬದಲಾಗಿದ್ದರೆ ತೋರಿಸಿಕೊಡಿ. ಫೋನ್ ಕಸಿದುಕೊಂಡು ಎರಡೇ ಕ್ಷಣದಲ್ಲಿ ನೀವೇ ಮಾಡಿಕೊಟ್ಟರೆ ಅವರು ಕಲಿತ ಹಾಗಾಗಲಿಲ್ಲ. ಕಲಿಸುವಾಗ ಫೋನ್ ಅವರ ಕೈಯಲ್ಲೇ ಇರಲಿ.